ಬೆನ್ನು ತೋರಿಸಿ ಗೆದ್ದ ಅರಸುಮಗ

ಬಹಳ ಹಿಂದೆ, ಮೋಡಗಳು ಕೋಟೆಯ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದ ಕಾಲದಲ್ಲಿ, ಕುಂಜರಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಸರ ವಂಶದಲ್ಲಿ ಯಾರೂ ಬೆನ್ನು ತೋರಿಸಿ ಓಡಿದವರಲ್ಲ. ಮಳೆ ಬಂದರೂ ಗಂಭೀರವಾಗಿ ನೆನೆಯುತ್ತಲೇ ನಡೆದು ಬರುತ್ತಿದ್ದರು. ಹಾಗಾಗಿ ಸಿಂಹಾಸನದ ಜೊತೆಗೆ ನೆಗಡಿಯೂ ತಂದೆಯಿಂದ ಮಗನಿಗೆ ಬರುತ್ತಿತ್ತು.

ತನ್ನ ಗಡ್ಡ ಕಂಡು ನಕ್ಕಳೆಂದು ಧೂಮಜಟನೆಂಬ ಮಾಂತ್ರಿಕ ಅರಸುಮಗಳು ಇಂದುಲೇಖೆಯನ್ನು ಗಿಳಿ ಮಾಡಿ ಪಂಜರದಲ್ಲಿಟ್ಟ. ಅವಳ ಅಣ್ಣ ವಿಜಯಧ್ವಜ ಮಾಂತ್ರಿಕನ ಕಾಲು ಹಿಡಿದ.

"ನಿನ್ನ ನಾಯಿ ಬೊಗ್ಗನನ್ನು ಹಗ್ಗವಿಲ್ಲದೆ ಬಿಡು. ನಾನು ಮೂರು ಸಲ ಆಸೆ ತೋರಿಸುತ್ತೇನೆ. ಮೂರು ಸಲವೂ ನೀನು ಕರೆದಾಗ ಬಂದರೆ ಇವಳು ಮತ್ತೆ ಹುಡುಗಿ. ಒಮ್ಮೆ ತಪ್ಪಿದರೂ ಕೊನೆವರೆಗೂ ಗಿಳಿ. ಹುಣ್ಣಿಮೆಗೆ ಬರುತ್ತೇನೆ," ಎಂದ ಧೂಮಜಟ.

ಬೊಗ್ಗನೋ, ಹಗ್ಗ ಬಿಚ್ಚಿದರೆ ಗಡಿ ದಾಟುವ ಪ್ರಾಣಿ. ಅರಸುಮಗ ಗದರಿದ, ಆಜ್ಞೆ ಹೊರಡಿಸಿದ, ಡಂಗುರವನ್ನೂ ಹೊಡೆಸಿದ. ನಾಯಿ ತಿರುಗಿಯೂ ನೋಡಲಿಲ್ಲ.

"ಅಣ್ಣಾ, ಈ ಮುಖಕ್ಕೆ ನಾನೂ ಬರಲ್ಲ," ಎಂದಿತು ಗಿಳಿ. "ಬಂದಾಗೆಲ್ಲ ಹಿಡಿದು ಕಟ್ಟಿಹಾಕ್ತೀಯ. ಬಂದು ಅದಕ್ಕೇನು ಸುಖ? ಹಳೇ ಪಂಚೆ ಹರಿದು ಗಂಟು ಹಾಕು. ಬಂದ ಕೂಡಲೇ ಅದರ ಜೊತೆ ಎಳೆದಾಡು, ಸೋಲು, ಆಮೇಲೆ ಮತ್ತೆ ಬಿಟ್ಟುಬಿಡು."

ಅರಸುಮಗ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಡತೊಡಗಿದ. ದಿನದಿನಕ್ಕೆ ಹಗ್ಗ ಉದ್ದವಾಯಿತು. ಕೊನೆಗೆ ಹಗ್ಗವೇ ಬೇಡವಾಯಿತು.

ಹುಣ್ಣಿಮೆಯ ಬೆಳಿಗ್ಗೆ ಧೂಮಜಟ ಬಂದು, ಮುದಿ ಅರಸನೂ ಸೈನ್ಯವೂ ನೆರೆದಿದ್ದ ಬಯಲಿನಲ್ಲಿ ಮಾಂಸದ ಗುಡ್ಡ ಎಬ್ಬಿಸಿದ. "ಬೊಗ್ಗಾ, ಬಾ," ಎಂದ ಅರಸುಮಗ. ಪಂಚೆಯ ಗಂಟು ಆಡಿತು, ನಾಯಿ ಬಂತು.

ಧೂಮಜಟ ಚಿನ್ನದ ಮೊಲ ಓಡಿಸಿದ. "ಬೊಗ್ಗಾ, ಬಾ." ಮೊಲದ ಬಾಲ ಬಾಯಿಗೆ ಸಿಗುವಷ್ಟರಲ್ಲಿ ನಾಯಿ ತಿರುಗಿ ಬಂತು. ಮೊಲಕ್ಕೇ ಬೇಸರವಾಯಿತು.

ಮೂರನೆಯ ಸಲ ಧೂಮಜಟ ಅರಸುಮಗನ ಕೈಯಲ್ಲಿದ್ದ ಗಂಟನ್ನು ಬೂದಿ ಮಾಡಿ, ತಾನೇ ಒಂದು ರೇಷ್ಮೆ ಗಂಟು ಬೀಸುತ್ತಾ ನಿಂತ. ಬೊಗ್ಗ ಅತ್ತ ಹೊರಟಿತು. ಗಿಳಿ ಪಂಜರದ ಸರಳು ಕಚ್ಚಿ ಹಿಡಿಯಿತು. ಅರಸುಮಗನಿಗೆ ಸಂಕಟ ತಡೆಯಲಾಗಲಿಲ್ಲ.

"ಬೊಗ್ಗಾ, ಬಾ," ಎಂದವನೇ ಇಡೀ ಸೈನ್ಯದ ಮುಂದೆ ಬೆನ್ನು ತಿರುಗಿಸಿ ಓಡಿದ. ಕೇಕೆ ಹಾಕಿದ, ಎಡವಿದ, ಎದ್ದು ಮತ್ತೆ ಓಡಿದ. ಮುದಿ ಅರಸ ಕಣ್ಣು ಮುಚ್ಚಿಕೊಂಡ. ಓಡುವವನನ್ನು ಬಿಟ್ಟು ನಿಂತವನ ಹತ್ತಿರ ಹೋಗುವ ನಾಯಿ ಎಲ್ಲಾದರೂ ಇದೆಯೇ? ಬೊಗ್ಗ ಅಟ್ಟಿಸಿಕೊಂಡು ಬಂದು ಅರಸುಮಗನ ಪೀತಾಂಬರದ ತುದಿ ಕಚ್ಚಿ ಎಳೆಯಿತು. ಅರಸುಮಗ ಮನಸಾರೆ ಸೋತ.

ಪಂಜರ ಒಡೆದು ಇಂದುಲೇಖೆ ಎದ್ದು ನಿಂತಳು. "ಅಣ್ಣಾ, ಮೊದಲು ಏನಾದ್ರೂ ಉಟ್ಕೋ," ಎಂದಳು ಅಳುತ್ತಾ.

ಪಂದ್ಯ ಸೋತು ಮಂತ್ರವೆಲ್ಲ ಕಳೆದುಕೊಂಡ ಧೂಮಜಟ ರೇಷ್ಮೆ ಗಂಟು ಹಿಡಿದು ಕುಳಿತಿದ್ದ. ಅವನ ಜೊತೆ ಎಂದೂ ಯಾರೂ ಆಡಿರಲಿಲ್ಲ. ಬೊಗ್ಗ ಹೋಗಿ ಇನ್ನೊಂದು ತುದಿ ಹಿಡಿಯಿತು. ಸಂಜೆಯವರೆಗೂ ಇಬ್ಬರೂ ಬಿಡಲಿಲ್ಲ.

ಅಂದಿನಿಂದ ಆ ರಾಜ್ಯದಲ್ಲಿ ಮಳೆ ಬಂದರೆ ಅರಸರೂ ಓಡಿದರು, ಎಲ್ಲರೂ ಸುಖವಾಗಿದ್ದರು. ನೆಗಡಿಯೊಂದು ಮಾತ್ರ ಗಡಿ ದಾಟಿ ಹೋಗಿ, ಯಾರು ಕರೆದರೂ ತಿರುಗಿ ಬರಲಿಲ್ಲ.