ಹನ್ನೆರಡು ಮಿಲಿಮೀಟರ್

ನನ್ನ ಎಡಗೈ ವರ್ಕ್‌ಶಾಪಿನ ಕಬ್ಬಿಣ ಹಿಡಿಯುವ ವೈಸ್‌ನಲ್ಲಿ ಸಿಕ್ಕಿಕೊಂಡಿತ್ತು. ವೈಸ್‌ನ ಹಿಡಿ ಮೀಸೆಯವನ ಕೈಯಲ್ಲಿತ್ತು.

"ರಿಂಗ್ ಎಲ್ಲಿ?"

"ಯಾವ ರಿಂಗು? ನಂಗಿನ್ನೂ ಮದುವೇನೇ ಆಗಿಲ್ಲ!"

ಅರ್ಧ ಸುತ್ತು ತಿರುಗಿಸಿದ. ಕಣ್ಣಲ್ಲಿ ನೀರು ಬಂತು...

ರಿಂಗ್ ನನ್ನ ಕಾಲುಚೀಲದೊಳಗಿತ್ತು. ಇನ್ಶೂರೆನ್ಸ್ ಕಂಪನಿಗಳಿಗೆ ಸುಳ್ಳು ಹಿಡಿದುಕೊಡುವುದು ನನ್ನ ಕಸುಬು. ಆದರೆ ಈ ಸಲ ಕೇಸು ಮನೆಯದೇ.

ಅಕ್ಕ ನರ್ಸ್. ಇಪ್ಪತ್ತೆರಡು ವರ್ಷದ ಸರ್ವಿಸ್. ಹೊಸ ಆಕ್ಸಿಜನ್ ಪೈಪು ಟ್ರಯಲ್‌ಗೆಂದು ಅವಳ ವಾರ್ಡಿಗೆ ಬಂತು. ಗೋಡೆಯ ಸಾಕೆಟ್‌ನಿಂದ ಕಳಚಿತು. ರೋಗಿ ಸತ್ತ.

ಲ್ಯಾಬ್ ಟೆಸ್ಟ್‌ನಲ್ಲಿ ಪೈಪು ಪಾಸ್. ಹಾಗಾದರೆ ತಪ್ಪು ಯಾರದು? ಸಿಕ್ಕಿಸಿದವಳದು! ಅಕ್ಕ ಸಸ್ಪೆಂಡ್.

ಹನ್ನೊಂದು ಗಂಟೆಗೆ ಅಳತೆ ನಿಗದಿ ಮಾಡುವ ಕಮಿಟಿ ಆ ಪೈಪಿನ ಕರಡು ಸ್ಟ್ಯಾಂಡರ್ಡ್‌ಗೆ ವೋಟ್ ಹಾಕುವುದಿತ್ತು. ಅಷ್ಟರೊಳಗೆ ಟೆಸ್ಟೇ ಸುಳ್ಳು ಎಂದು ತೋರಿಸದಿದ್ದರೆ ಅವಳ ಕೆಲಸ ಹೋದ ಹಾಗೇ.

ಸುಳ್ಳು ಎಲ್ಲಿದೆ ಎಂದು ಬೆಳಿಗ್ಗೆಯೇ ಈ ವರ್ಕ್‌ಶಾಪಿನಲ್ಲಿ ಲ್ಯಾಬಿನ ಲೇತ್ ನಡೆಸುವ ಮುದುಕ ಟರ್ನರ್ ಬಾಯಿಬಿಟ್ಟು, ರಿಂಗನ್ನೂ ಕೈಗಿಟ್ಟಿದ್ದ.

"ಪೈಪಿನ ಮೂತಿ ಹನ್ನೆರಡು ಮಿಲಿಮೀಟರ್ ಇರ್ಬೇಕು ಅಂತ ಸ್ಟ್ಯಾಂಡರ್ಡು. ಅದನ್ನ ಚೆಕ್ ಮಾಡೋ ರಿಂಗ್ ನಾನು ಮಾಡ್ಬೇಕಿತ್ತಪ್ಪ. ಕಮಿಟಿ ಡ್ರಾಯಿಂಗ್ ಬರೋದು ತಡ ಆಯ್ತು. ಪೈಪ್ ಕಂಪನಿಯೋರು ತಮ್ಮ ಪೈಪನ್ನೇ ತಂದ್ಕೊಟ್ಟು, ಇದಕ್ಕೆ ಸರಿಹೋಗೋ ಹಾಗೆ ಮಾಡು ಅಂದ್ರು. ಮಾಡ್ಬಿಟ್ಟೆ..."

ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ! ಆ ಕಂಪನಿಯ ಮೂತಿ ಹನ್ನೊಂದೂವರೆ. ರಿಂಗೂ ಹನ್ನೊಂದೂವರೆ. ಪಾಸಾಗದೆ ಇನ್ನೇನಾಗುತ್ತದೆ? ಸರಿಯಾದ ಪೈಪು ತಂದರೆ ಅದೇ ಫೇಲ್!

ಆ ಕಂಪನಿ ಕಳಿಸಿದ್ದ ಮೀಸೆಯವನು ಮತ್ತೆ ಹಿಡಿಗೆ ಕೈ ಹಾಕಿದ.

ನನ್ನ ಬಲಗೈಗೆ ಬೆಂಚಿನ ಮೇಲಿದ್ದ ಅರ ಸಿಕ್ಕಿತು. ಅವನ ಮೊಣಕಾಲಿಗೆ ಬೀಸಿದೆ. ಕುಸಿದು ಬಿದ್ದ. ಟರ್ನರ್ ಓಡಿಬಂದು ವೈಸ್ ಬಿಚ್ಚಿದ.

"ಓಡಪ್ಪ! ನಿಮ್ಮಕ್ಕನ್ನ ಉಳಿಸ್ಕೋ!"

ಓಡಿದೆ. ಬೆರಳುಗಳು ಊದಿದ್ದವು. ಹಿಂದೆ ಕುಂಟುವ ಬೂಟಿನ ಸದ್ದು. ಸಿಗ್ನಲ್ಲಿನಲ್ಲಿ ಬಸ್ಸಿನ ಮುಂದೆಯೇ ನುಗ್ಗಿದೆ. ಡ್ರೈವರ್ ನನ್ನ ವಂಶವನ್ನೇ ಬೈದ. ಮೂರು ಮಹಡಿ ಮೆಟ್ಟಿಲು...

ಹನ್ನೊಂದಕ್ಕೆ ಎರಡು ನಿಮಿಷ!

ಕಮಿಟಿಯ ಮೇಜಿನ ಮೇಲೆ ರಿಂಗ್ ಕುಕ್ಕಿದೆ. "ಅಳೀರಿ!"

ಅಧ್ಯಕ್ಷ ವರ್ನಿಯರ್ ತರಿಸಿ ತಾನೇ ಅಳೆದ. ಇನ್ನೊಮ್ಮೆ ಅಳೆದ. ಕಂಪನಿಯ ಪ್ರತಿನಿಧಿ ಕರ್ಚೀಫು ತೆಗೆದ.

"ನೀವು ಹೇಳೋದು ನಿಜ ಕಣ್ರಿ. ಟೆಸ್ಟಿಗೂ ಸ್ಟ್ಯಾಂಡರ್ಡಿಗೂ ತಾಳೆ ಆಗ್ತಿಲ್ಲ. ಸರಿಪಡಿಸ್ಲೇಬೇಕು."

ಎದೆ ಹಗುರಾಯಿತು. ಅಕ್ಕನಿಗೆ ಹೇಳೋಣವೆಂದು ಫೋನ್ ಮಾಡಿದೆ.

ಅಧ್ಯಕ್ಷ ಪೆನ್ನು ತೆಗೆದ. ಸ್ಟ್ಯಾಂಡರ್ಡಿನ ಕರಡಿನಲ್ಲಿ ಹನ್ನೆರಡನ್ನು ಹೊಡೆದುಹಾಕಿ ಹನ್ನೊಂದೂವರೆ ಎಂದು ಬರೆದ.

"ಸಾರ್! ಆಸ್ಪತ್ರೆ ಗೋಡೆ ಸಾಕೆಟ್ ಇರೋದು ಹನ್ನೆರಡಕ್ಕೆ!"

"ಸಾಕೆಟ್ಟು ನಮ್ದಲ್ಲ. ಅದು ಬೇರೆ ಕಮಿಟಿ."

ಎಲ್ಲರ ಕೈಗಳೂ ಮೇಲೆದ್ದವು.

ಫೋನಿನಲ್ಲಿ ಅಕ್ಕನ ದನಿ. "ಏನಾಯ್ತೋ? ಹೇಳೋ..."

ಏನು ಹೇಳಲಿ? ಪೈಪು ಪಾಸ್. ರಿಂಗು ಪಾಸ್. ಈಗ ಸ್ಟ್ಯಾಂಡರ್ಡೂ ಪಾಸ್!

ಫೇಲಾದವಳು ನೀನೊಬ್ಬಳೇ ಅಕ್ಕಾ.