ಒಂದೇ ರಾತ್ರಿಗೆ ಕಣ್ಣು ಮುಚ್ಚಿದ ಕಾರ್ಡು

“ಚಲೋ ಕಾರ್ಡ್ ತೋರಿಸಿ, ಕೆಟ್ಟದ್ದು ಕೂಡಿಸಿ ಹೋಗೀಯಲ್ಲಾ, ಹಬೀಬ್?”

ಬಸವಕುಮಾರನ ಮಾತಿಗೆ, ಫೋನ್ ಬಂದೊಡನೆ ಓಡಿ ಬಂದಿದ್ದ ಹಬೀಬ ಹೊಸ್ತಿಲಲ್ಲೇ ನಿಂತ. ಹುಮನಾಬಾದಿನಲ್ಲಿ ಹನ್ನೆರಡು ವರ್ಷ ಕಂಪ್ಯೂಟರ್ ರಿಪೇರಿ ಮಾಡಿದವನು. ಈವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ನಿನ್ನೆ ಸಂಜೆ ಬಸವಕಲ್ಯಾಣಕ್ಕೆ ಬಂದು, ಕಟ್ಟಲಿರುವ ಮನೆಗಳ ಚಿತ್ರ ಬಿಡಿಸುವ ಬಸವಕುಮಾರನ ಕಂಪ್ಯೂಟರಿಗೆ ಎರಡು ಚಿಪ್‌ಗಳ ಗ್ರಾಫಿಕ್ಸ್ ಕಾರ್ಡ್ — ಪರದೆಗೆ ಚಿತ್ರ ಕಳಿಸುವ ಹಲಗೆ — ಕೂಡಿಸಿ, ಚಾಲೂ ಮಾಡಿ ತೋರಿಸಿ ಹೋಗಿದ್ದ. ಇಟ್ಟಿಗೆಯಂಥ ಭಾರದ ಕಾರ್ಡು. ಊರಲ್ಲಿ ಯಾರೂ ಅಂಥದ್ದು ಕಂಡಿರಲಿಲ್ಲ. ಇವತ್ತು ಮಧ್ಯಾಹ್ನ ಗುಂಡಿ ಒತ್ತಿದರೆ — ಬೀಪ್, ಬೀಪ್. ಕಪ್ಪು ಪರದೆ.

“ಹುಮನಾಬಾದದ ಇಬ್ಬರು ಅಂಗಡಿಯವರಿಗೆ ಫೋನ್ ಮಾಡಿ ಹೇಳೀನಿ, ನೀ ಕಳ್ಳ ಅಂತ!”

ಈ ಕಸುಬಿನಲ್ಲಿ ಹೆಸರು ಹೋದರೆ ಅಂಗಡಿಗೆ ಬೀಗವೇ ಗತಿ.

ಮೂಲೆಯಲ್ಲಿ ಕುಳಿತಿದ್ದ ಬಸವಕುಮಾರನ ಕಾಕಾ ದಿಗಂಬರ ಕೆಮ್ಮಿದರು. ಪೊಲೀಸ್ ಜಮಾದಾರಿಕೆ ಬಿಟ್ಟು ನಾಲ್ಕು ವರ್ಷವಾಗಿದ್ದರೂ ವಿಚಾರಣೆಯ ಚಟ ಅವರನ್ನು ಬಿಟ್ಟಿರಲಿಲ್ಲ.

“ನಿನ್ನೆ ಕಂಪ್ಯೂಟರ್ ಡಬ್ಬಿ ಮುಚ್ಚುವಾಗ ಯಾರಿದ್ರು?”

“ನಾ ಒಬ್ಬನೇ ಇದ್ದೆರಿ. ಇವರು ಚಹಾ ತರಾಕ ಹೋಗಿದ್ರು.”

“ಆಗೇನು ಮಾಡಿದಿ?”

“ಕಾರ್ಡ್ ವಜನಾ ಭಾಳ ಐತ್ರಿ, ಜಮಾದಾರ ಸಾಹೇಬ್ರ. ಜೋಲಬಾರದಂತ ಕೆಳಗ ಕಡ್ಡಿ ಆಸರಾ ಕೊಟ್ಟೆ. ಜಾರಬಾರದಂತ ಅದಕ್ಕ ಕರಿ ದಾರ ಸುತ್ತಿದ್ದೆ.”

ಡಬ್ಬಿ ತೆರೆದರು. ಕಾರ್ಡಿನ ತುದಿ ಕೆಳಗೆ ಬಾಗಿತ್ತು. ಕಡ್ಡಿ ಇರಲಿಲ್ಲ.

“ನೋಡ್ರಿ ಕಾಕಾ, ಸುಳ್ಳು!”

ಹಬೀಬನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಯಿತು. ಇಟ್ಟಿದ್ದು ಎಲ್ಲಿ ಹೋಯಿತು?

“ಕಾರ್ಡ್ ಒತ್ತಿ ಕೂಡಿಸು. ಡಬ್ಬಿ ಅಡ್ಡ ಮಲಗಿಸು. ಈಗ ಚಾಲೂ ಮಾಡು,” ಎಂದರು ದಿಗಂಬರ.

ಪರದೆ ಜಗಮಗಿಸಿತು!

“ಕಾರ್ಡ್ ಚಲೋ ಐತಿ. ತನ್ನ ವಜನಕ್ಕ ತಾನೇ ಸಡಿಲಾಗಿತ್ತು. ಕಳುವಾಗಿದ್ದು ಕಡ್ಡಿ. ಹಬೀಬ್, ನಿನ್ನೆ ಒಳಗಿನ ಧೂಳು ತೆಗೆದಿದ್ಯೇನು?”

“ಬ್ರಷ್ ಹಾಕಿ ಪೂರಾ ತೆಗೆದಿದ್ದೆರಿ.”

“ಹಂಗಾರ ಕಾರ್ಡಿನ ಅಂಚಿಗೆ ಈ ಬಿಳಿ ಏನು? ನೀವಿಬ್ಬರೂ ಧೂಳು ಅಂದ್ಕೊಂಡ್ರಿ. ಇದು ವಿಭೂತಿ! ಮೂರು ಬೆರಳಿನ ಗುರುತು ನೋಡ್ರಿ. ಈ ಮನ್ಯಾಗ ಹೊಸಾ ಯಂತ್ರಕ್ಕ ವಿಭೂತಿ ಹಚ್ಚೋರು ಯಾರು? ವೈನೀ, ಸ್ವಲ್ಪ ಹೊರಗ ಬರ್ರಿ.”

ಅಡುಗೆಮನೆಯಿಂದ ಬಸವಕುಮಾರನ ತಾಯಿ ಪಾರ್ವತಿಬಾಯಿ ಬಂದರು. ಕಡ್ಡಿಯ ಮಾತೆತ್ತಿದ್ದೇ ತಡ, ಮುಖ ಬಾಡಿತು.

“ಮುಂಜಾನೆ ಡಬ್ಬಿಗೆ ವಿಭೂತಿ ಹಚ್ಚುವಾಗ ಕಿಂಡ್ಯಾಗಿಂದ ಕರಿ ದಾರ ಕಂಡಿತು. ಯಾರೋ ನನ್ನ ಮಗನ ಮ್ಯಾಲ ಮಾಟ ಮಾಡ್ಯಾರಂತ ಅದೇ ಕೈಲೆ ಡಬ್ಬಿ ತಿರುಪು ಬಿಚ್ಚಿ ಕಡ್ಡಿ ಸಮೇತ ಅದನ್ನ ತೆಗೆದೆ. ಮೂರು ದಾರಿ ಕೂಡಿದಲ್ಲಿ ಒಗದು ಬಂದೆ.”

“ನನಗ್ಯಾಕ ಹೇಳಲಿಲ್ಲ, ಅವ್ವಾ?”

“ಹೇಳಿದ್ರ ನೀ ಮೊದಲು ಹಬೀಬನ ಮ್ಯಾಲೇ ಸಂಶಯ ಪಡ್ತಿದ್ದಿ. ಪಾಪ, ಅಂವಗ ಕೆಟ್ಟ ಹೆಸರು ಬರಬಾರದಂತ ಸುಮ್ಮ ಇದ್ದೆ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು.

ಬಸವಕುಮಾರ ತಲೆ ತಗ್ಗಿಸಿ, ಅಂಗಡಿಯವರಿಗೆ ನಿಜ ಹೇಳಲು ಫೋನ್ ತೆಗೆದ. ಪಾರ್ವತಿಬಾಯಿ ಅದನ್ನು ಕಸಿದುಕೊಂಡರು.

“ಫೋನಿನ್ಯಾಗ ಬ್ಯಾಡ. ಹುಮನಾಬಾದಕ್ಕ ನಡಿ. ಕೆಡಿಸಿದಾಕಿ ನಾನು ಅಂತ ಆ ಎರಡೂ ಅಂಗಡ್ಯಾಗ ನಾನೇ ಹೇಳ್ತೀನಿ.”

ಸೆರಗು ಹೊದ್ದು ಚಪ್ಪಲಿ ಮೆಟ್ಟಿದರು. ಕಳ್ಳ ಎಂದಾಗ ಅಳದಿದ್ದ ಹಬೀಬ, ಆಗ ಅತ್ತುಬಿಟ್ಟ.