ದಾಖಲಾಗದ ನೂರೆಂಬತ್ತು ಮೈಲಿ

ಮಾರ್ಲಿಸ್ ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪನ್ನು ಮತ್ತೆ ನೋಡಿದಳು. ಬೆಳಗಿನಿಂದ ಇಬ್ಬರೂ ಕಾರಿನಲ್ಲಿ ನೂರೆಂಬತ್ತು ಮೈಲಿ ಓಡಾಡಿದ್ದರು. ಫೈಲಿನಲ್ಲಿ ಒಂದು ಅಂಕಿಯೂ ಇರಲಿಲ್ಲ.

"ಓರಿನ್, ನಾನು ರೆಕಾರ್ಡ್ ಒತ್ತೇ ಇಲ್ಲ ಕಣೋ."

ಪೆಟ್ರೋಲ್ ಬಂಕಿನಲ್ಲಿ ಕಾರಿನ ಗಾಜು ಒರೆಸುತ್ತಿದ್ದ ಓರಿನ್ ಕೈ ನಿಲ್ಲಿಸಿದ. "ತಮಾಷೆ ಮಾಡ್ಬೇಡ ಮಾರಾಯ್ತಿ. ನನ್ನ ಸೊಂಟ ಬಿದ್ದುಹೋಗಿದೆ."

"ನನ್ನ ಮುಖ ನೋಡು. ತಮಾಷೆ ಮಾಡೋ ಮುಖಾನಾ ಇದು?"

ಅಲ್ಲ, ದಣಿದ ಮುಖ. ಕಾರಿನ ಛಾವಣಿಯ ಡಬ್ಬದಲ್ಲಿ ಆರು ಫೋನುಗಳಿದ್ದವು. ಅವು ತಮ್ಮ ಪಾಡಿಗೆ ಕರೆ ಮಾಡುತ್ತ, ಫೈಲು ಇಳಿಸಿಕೊಳ್ಳುತ್ತ ಇರುತ್ತವೆ. ಯಾವ ರಸ್ತೆಯಲ್ಲಿ ಇಂಟರ್ನೆಟ್ ಎಷ್ಟು ವೇಗ, ಎಲ್ಲಿ ಕರೆ ಕಡಿಯುತ್ತದೆ ಎಂದು ನೋಡುವುದು ಮಾರ್ಲಿಸಳ ಕೆಲಸ, ಕಾರು ಓಡಿಸುವುದು ಓರಿನ್‌ನದು. ಉತ್ತರ ಡಕೋಟಾದ ಸೂರ್ಯಕಾಂತಿ ಹೊಲಗಳ ನಡುವೆ ಹನ್ನೊಂದು ವಾರದಿಂದ ಇದೇ ಬಾಳು. ಬಂಕಿನ ತಣ್ಣನೆಯ ಸ್ಯಾಂಡ್‌ವಿಚ್ಚೇ ಊಟ. ಇವತ್ತಿನದು ಕೊನೆಯ ರಸ್ತೆ.

ಪರದೆಯ ಮೇಲೆ ಗೆರೆಗಳು ದಿನವಿಡೀ ಕುಣಿದಿದ್ದವು, ಅವಳು ನೋಡುತ್ತಲೂ ಇದ್ದಳು. ಆದರೆ ಗುಂಡಿ ಒತ್ತದಿದ್ದರೆ ಗೆರೆ ನೀರಿನ ಮೇಲೆ ಬರೆದಂತೆಯೇ.

"ಹತ್ತೊಂಬತ್ತು ವರ್ಷದ ಸರ್ವೀಸು ನಿಂದು," ಓರಿನ್ ಅವಳ ಪಕ್ಕದ ಬೆಂಚಿಗೆ ಬಂದು ಕೂತ. "ಹಿಂದೆ ಯಾವತ್ತಾದ್ರೂ ಮರೆತಿದ್ಯಾ?"

"ಇಲ್ಲ."

"ಮತ್ತೆ ಇವತ್ತೇನಾಯ್ತು? ಹೊರಡೋವಾಗ ನಾವೇನು ಮಾತಾಡ್ತಿದ್ವಿ?"

ಅವಳಿಗೆ ಚೆನ್ನಾಗಿ ನೆನಪಿತ್ತು. ಗುರುವಾರ ಡುಲೂತಿಗೆ ಹೋಗುತ್ತೇನೆ, ಭಾವನ ದೋಣಿ ರಿಪೇರಿ ಶೆಡ್ಡಿನಲ್ಲಿ ಕೆಲಸ ಗೊತ್ತಾಗಿದೆ, ಇನ್ನು ಈ ಕಡೆ ಬರುವುದಿಲ್ಲ ಎಂದು ಅವನು ಹೇಳುತ್ತಿದ್ದ. ಬೆರಳು ಗುಂಡಿಯ ಹತ್ತಿರ ಹೋಗಿದ್ದು ಹಾಗೇ ವಾಪಸು ಬಂದಿತ್ತು.

"ಹವಾಮಾನದ ಮಾತು," ಎಂದಳು.

ಓರಿನ್ ಅವಳನ್ನೇ ನೋಡಿದ. ಬಿಸಿಲಿಗೆ ಸುಟ್ಟ ಕೆನ್ನೆಯಲ್ಲಿ ನಗೆಯೊಂದು ಬಂದು, ಹೊರಬರಲಾಗದೆ ಅಲ್ಲೇ ಕೂತಿತು. "ಸರಿ, ನಾಳೆ ಇನ್ನೊಂದ್ಸಲ ಓಡ್ಸೋಣ. ಡುಲೂತ್ ಎಲ್ಲಿಗೂ ಓಡ್ಹೋಗಲ್ಲ."

ಅವಳ ಎದೆ ಹಗುರಾಯಿತು. ಇನ್ನೊಂದು ದಿನ ಸಿಕ್ಕಿತು! ತಪ್ಪಿನಿಂದ ಸಿಕ್ಕರೇನು, ದಿನ ದಿನವೇ.

ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು. ಮಾರ್ಲಿಸ್ ಬಂಕಿನ ಮೂಲೆಗೆ ಹೋಗಿ ಮಾತಾಡಿದಳು. ಮೇಲಧಿಕಾರಿ ಬೈಯಲೂ ಇಲ್ಲ. ಆ ರಸ್ತೆಯ ಲೆಕ್ಕ ಗ್ರಾಹಕರ ಫೋನುಗಳಿಂದಲೇ ಸಿಗುತ್ತದೆ, ಮತ್ತೆ ಓಡಿಸುವುದು ಬೇಡ, ಕಾರು ಒಪ್ಪಿಸಿ ಮನೆಗೆ ಹೋಗು ಎಂದ.

ಅವಳು ಅಲ್ಲೇ ನಿಂತಳು. "ಓಡಿಸಬೇಕಂತೆ" ಎಂದುಬಿಟ್ಟರೆ ಮುಗಿಯಿತು, ಓರಿನ್ ಮರುಪ್ರಶ್ನೆ ಕೇಳುವವನಲ್ಲ. ಆದರೆ ಸಿಗ್ನಲ್ ಇಲ್ಲದ ಕಡೆ ಸಿಗ್ನಲ್ ಇದೆ ಎಂದು ಅವಳು ಯಾವತ್ತೂ ಬರೆದವಳಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ, ಅದೂ ಇವನಿಗೆ, ಸುಳ್ಳು ಹೇಳುವುದು ಹೇಗೆ?

ಬೆಂಚಿಗೆ ಮರಳಿದಳು. "ಮತ್ತೆ ಓಡಿಸೋದು ಬೇಡ್ವಂತೆ."

"ಓ." ಓರಿನ್ ತನ್ನ ಬೂಟು ನೋಡಿದ. "ಒಳ್ಳೇದಾಯ್ತು ಬಿಡು. ನಿಂಗೂ ಸಾಕಾಗಿದೆ."

"ಸಾಕಾಗಿದೆ. ಈ ರಸ್ತೆ ಸಾಕಾಗಿದೆ, ಸ್ಯಾಂಡ್‌ವಿಚ್ ಸಾಕಾಗಿದೆ, ಮೋಟೆಲ್ ದಿಂಬು ಸಾಕಾಗಿದೆ." ಅವಳ ದನಿ ಒಡೆಯಿತು. "ನೀನು ಸಾಕಾಗಿಲ್ಲ. ಅದಕ್ಕೇ ಮರೆತೆ. ನೀನು ಹೋಗ್ತೀನಿ ಅಂದ್ಯಲ್ಲ, ನಂಗೆ ಕೈಯೇ ಬರ್ಲಿಲ್ಲ."

ಓರಿನ್ ಅವಳ ಕಡೆ ತಿರುಗಿದ. ಧಾನ್ಯದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ಹವಾಮಾನದ ಮಾತು ಅಂದೆ?"

"ಸುಮ್ನಿರೋ."

"ನಾಳೆ ಆರಕ್ಕೇ ಎದ್ದೇಳ್ಬೇಕಾ?"

"ಯಾಕೆ?"

"ಕೆಲ್ಸ ಇಲ್ವಲ್ಲ, ಅದಕ್ಕೇ ಕೇಳ್ದೆ. ಹತ್ತರ ತನಕ ಮಲ್ಗೋಣ. ಆಮೇಲೆ ಎಲ್ಲಾದ್ರೂ ಕೂತು ಬಿಸಿ ಊಟ ಮಾಡೋಣ, ಇಬ್ರೂ."

ಮಾರ್ಲಿಸ್ ತಲೆಯಾಡಿಸಿದಳು. ಕಣ್ಣು ತುಂಬಿತ್ತು. ಅವನು ಫೋನು ತೆಗೆದು ಡುಲೂತಿನ ಅಕ್ಕನಿಗೆ ಕರೆ ಮಾಡಿದ. ಮಾತಾಡುತ್ತಲೇ ಅವಳ ಕೈಯನ್ನು ತನ್ನ ಒರಟು ಅಂಗೈಯೊಳಗೆ ತೆಗೆದುಕೊಂಡ.

"ಅಕ್ಕಾ, ಗುರುವಾರ ಬರಕ್ಕಾಗಲ್ಲ. ಯಾವಾಗ ಅಂತ ಗೊತ್ತಿಲ್ಲ. ನಾನೊಬ್ನೇ ಬರೋದಾಗಿದ್ರೆ ಹೇಳ್ಬೋದಿತ್ತು. ಈಗ ಇವಳನ್ನೂ ಕೇಳ್ಬೇಕಲ್ಲ."